ದೊಡ್ಡ ಮೊಳೆಯಲ್ಲಿ ಅಮ್ಮನ ಹೆಸರು

ಮೂಡುಬಿದಿರೆ
13-1-2025

ಪ್ರೀತಿಯ ಅಮ್ಮನಿಗೆ,

ಮನೆಯಲ್ಲಿ ತುಳು ಬಿಟ್ಟು ಬೇರೆ ಮಾತಾಡದ ನಾವು ಹೀಗೆ ಕನ್ನಡದಲ್ಲಿ ಕಾಗದ ಬರೆಯುವುದು ನನಗೇ ತಮಾಷೆ ಕಾಣ್ತದೆ. ಫೋನಿನಲ್ಲಿ ಹೇಳಿದೆನಲ್ಲ, ಇದು ವಿಸ್ಮಿತಾ ಮೇಡಂ ಕೊಟ್ಟ ಕೆಲಸ. ಈ ಸೆಮಿಸ್ಟರಿನಲ್ಲಿ ಪ್ರತಿಯೊಬ್ಬರೂ ಯಾರಾದರೊಬ್ಬರಿಗೆ ಅಂಚೆಯಲ್ಲಿ ಕಾಗದ ಬರೆದು ಉತ್ತರ ತರಿಸಿಕೊಳ್ಳಬೇಕು. ಕೊನೆಗೆ ಎರಡೂ ಕಡೆಯ ಕಾಗದ ಸೇರಿಸಿ, ನಾವೇ ಹೊಲಿದು, ರಟ್ಟು ಹಾಕಿ ಪುಸ್ತಕ ಮಾಡಬೇಕು. ಹಾಗಾಗಿ ನಾನು ಬರೆದದ್ದನ್ನು ಅಕ್ಕಿ ಡಬ್ಬದ ಮುಚ್ಚಳಕ್ಕೆ ಸಿಕ್ಕಿಸಬೇಡ, ಒಂದು ಕಡೆ ಜಾಗ್ರತೆ ಇಡು.

ನಮ್ಮ ಯೂನಿವರ್ಸಿಟಿಯ ಮುದ್ರಣದ ಸ್ಟುಡಿಯೊ ನೀನು ನೋಡಬೇಕಿತ್ತು. ಬಂಟ್ವಾಳದಲ್ಲಿ ಮುಚ್ಚಿದ ಒಂದು ಹಳೇ ಪ್ರೆಸ್ಸಿನ ಸಾಮಾನು ಪೂರಾ ಇಲ್ಲಿಗೆ ತಂದಿದ್ದಾರೆ. ಕಾಲಿನಲ್ಲಿ ತುಳಿಯುವ ಟ್ರೆಡಲ್ ಮೆಷಿನ್ ಒಂದು, ಮರದ ಕೇಸುಗಳಲ್ಲಿ ಸೀಸದ ಅಕ್ಷರದ ಮೊಳೆಗಳು. ಒಂದೊಂದು ಅಕ್ಷರಕ್ಕೆ ಒಂದೊಂದು ಗೂಡು. ಒತ್ತಕ್ಷರಕ್ಕೆ ಬೇರೆ, ಗುಣಿತಕ್ಕೆ ಬೇರೆ. ಮೊದಲ ದಿನ ನನ್ನ ಹೆಸರು ಜೋಡಿಸಲಿಕ್ಕೆ ಅರ್ಧ ಗಂಟೆ ಬೇಕಾಯಿತು. ಅಚ್ಚು ತೆಗೆದರೆ ಯ ಒತ್ತು ವ ಅಕ್ಷರದ ತಲೆಯ ಮೇಲೆ ಕೂತಿತ್ತು. ಅಕ್ಷರಗಳನ್ನು ತಲೆಕೆಳಗಾಗಿ, ಕನ್ನಡಿಯಲ್ಲಿ ನೋಡಿದ ಹಾಗೆ ಓದಬೇಕು. ಈಗ ಸ್ವಲ್ಪ ಅಭ್ಯಾಸ ಆಗಿದೆ.

ಕಲಿಸಲಿಕ್ಕೆ ಮಂಗಳವಾರ, ಶುಕ್ರವಾರ ಧರ್ಣಪ್ಪಣ್ಣ ಅಂತ ಒಬ್ಬರು ಬರ್ತಾರೆ. ಎಪ್ಪತ್ತು ದಾಟಿದವರು. ಅದೇ ಬಂಟ್ವಾಳದ ಪ್ರೆಸ್ಸಿನಲ್ಲಿ ಮೂವತ್ತು ವರ್ಷ ಮೊಳೆ ಜೋಡಿಸಿದವರಂತೆ. ಕೇಸಿನ ಕಡೆ ನೋಡದೆ ಬೆರಳಿನಲ್ಲೇ ಅಕ್ಷರ ಹೆಕ್ಕುತ್ತಾರೆ. ನಾನು ಕಕ್ಕಿಂಜೆಯವಳು ಅಂದದ್ದಕ್ಕೆ, "ಹೋ, ಚಾರ್ಮಾಡಿ ಘಾಟಿಯ ಬುಡದವಳು" ಅಂತ ನಗಾಡಿದರು.

ಬೈಂಡಿಂಗಿನಲ್ಲಿ ಮಾತ್ರ ನಾನೇ ಮುಂದೆ. ನಿನ್ನ ಮಗಳು ಅಲ್ವಾ, ಸೂಜಿ ಹಿಡಿಯಲಿಕ್ಕೆ ಯಾರೂ ಕಲಿಸಬೇಕಾಗಿಲ್ಲ.

ಅಪ್ಪನಿಗೆ ಹೇಳು. ಉತ್ತರ ಬರಿ.

ನವ್ಯಾ

---

ಕಕ್ಕಿಂಜೆ
20-1-2025

ಪ್ರೀತಿಯ ಮಗಳು ನವ್ಯಾಳಿಗೆ ಆಶೀರ್ವಾದಗಳು.

ನಿನ್ನ ಕಾಗದ ಶನಿವಾರ ಬಂತು. ಪೋಸ್ಟಿನವರು ಬ್ಯಾಂಕಿನದ್ದು ಅಂತ ಹೇಳಿ ಕೊಟ್ಟರು. ಇಲ್ಲಿ ಎಲ್ಲ ಕ್ಷೇಮ. ನಿನ್ನ ಅಪ್ಪನಿಗೆ ಈಗ ಪಂಪಿನ ಕೆಲಸ ಜೋರು, ದಿನಕ್ಕೆ ಮೂರು ಮನೆಗೆ ಹೋಗ್ತಾರೆ. ನನಗೂ ಮದುವೆ ಬ್ಲೌಸು ರಾಶಿ ಬಿದ್ದಿದೆ.

ಕಾಗದ ಬರೆಯದೆ ಎಷ್ಟು ವರ್ಷ ಆಯಿತು ಅಂತ ಲೆಕ್ಕ ಇಲ್ಲ. ಅಕ್ಷರ ಸೊಟ್ಟ ಆಗ್ತದೆ. ತಪ್ಪಿದ್ದರೆ ನಿನ್ನ ಮೇಡಂ ನಗಾಡದ ಹಾಗೆ ನೋಡಿಕೋ.

ಹೊಲಿಯುವ ದಾರಕ್ಕೆ ಮೇಣ ಹಚ್ಚಿಕೊಂಡರೆ ಸಿಕ್ಕು ಬೀಳುವುದಿಲ್ಲ. ಗಂಟನ್ನು ಒಳಗಿನ ಬದಿಗೆ ಹಾಕು.

ಆ ಧರ್ಣಪ್ಪ ಅನ್ನುವವರು ಬಂಟ್ವಾಳ ಪೇಟೆಯವರಾ, ಹಳ್ಳಿ ಕಡೆಯವರಾ? ಸುಮ್ಮನೆ ಕೇಳಿದೆ. ನೀನು ಅವರ ಹತ್ತಿರ ನಮ್ಮ ಮನೆ ವಿಷಯ ಎಲ್ಲ ಹೇಳಲಿಕ್ಕೆ ಹೋಗಬೇಡ. ಕಲಿಯುವುದನ್ನು ಕಲಿ, ಅಷ್ಟೆ.

ಸರಿಯಾಗಿ ಊಟ ಮಾಡು.

ಇತಿ, ನಿನ್ನ ಅಮ್ಮ
ಕಾಂತಿ

---

ಮೂಡುಬಿದಿರೆ
29-1-2025

ಅಮ್ಮ,

ಇವತ್ತು ಉದ್ದ ಬರೆಯುವುದಿಲ್ಲ. ಕೆಲವು ವಿಷಯ ಕೇಳಲಿಕ್ಕಿದೆ, ಫೋನಿನಲ್ಲಿ ಬೇಡ. ನೀನು ಬರೆದೇ ಉತ್ತರ ಕೊಡು.

ನಿನ್ನ ಎಸ್ಸೆಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ ತಂದೆಯ ಹೆಸರು ಹುಕ್ರಪ್ಪ, ಊರು ವಾಮದಪದವು ಅಂತ ಉಂಟಲ್ಲ. ಆ ಊರಿನಲ್ಲಿ ಹುಕ್ರಪ್ಪ ಅನ್ನುವವರು ಬೇರೆ ಯಾರಾದರೂ ಇದ್ದರಾ? ಅವರಿಗೂ ಕಾಂತಿ ಅಂತ ಮಗಳಿದ್ದಳಾ? ನಿನಗೆ ಶೇಖರ ಅಂತ ಅಣ್ಣ ಇದ್ದರಾ? ನೀನು ಯಾವತ್ತೂ ಹೇಳಿಲ್ಲ.

ನಿನ್ನ ಅಪ್ಪ ಅಮ್ಮ ತೀರಿಹೋದದ್ದು ಯಾವ ವರ್ಷ?

ನವ್ಯಾ

---

ಕಕ್ಕಿಂಜೆ
4-2-2025

ನವ್ಯಾ,

ನಿನ್ನ ಕಾಗದ ಎರಡು ಸಲ ಓದಿದೆ. ಯಾರು ಹುಡುಗ? ನೇರ ಹೇಳು. ತಾಯಿಯ ಕಡೆ ಮನೆತನ ಯಾವುದು, ಅಜ್ಜ ಯಾರು, ಮಾವ ಯಾರು ಅಂತ ಯಾರೂ ಸುಮ್ಮನೆ ಕೇಳುವುದಿಲ್ಲ. ಹುಡುಗನ ಮನೆಯವರು ಕೇಳಿ ಕಳಿಸಿದ್ದು ಅಲ್ವಾ? ಇಪ್ಪತ್ತು ವರ್ಷ ಆಗಿಲ್ಲ ನಿನಗೆ, ಆಗಲೇ ಮದುವೆ ಮಾತಾ?

ನಾನು ನಿನ್ನನ್ನು ಬೈಯುವುದಿಲ್ಲ. ಬೈಯುವ ಅಧಿಕಾರ ನನಗೆ ಇಲ್ಲ. ನಾನು ನಿನ್ನ ಅಪ್ಪನನ್ನು ಇಷ್ಟಪಟ್ಟೇ ಮದುವೆಯಾದವಳು, ಅದು ನಿನಗೆ ಗೊತ್ತುಂಟು. ಆದರೆ ನನ್ನ ಹಾಗೆ ಯಾರಿಗೂ ಹೇಳದೆ ಹೋಗಬೇಡ. ಮೊದಲು ನಮಗೆ ಹೇಳು. ನಿನ್ನ ಅಪ್ಪ ಒಪ್ಪುತ್ತಾರೆ, ನಾನು ಒಪ್ಪಿಸ್ತೇನೆ.

ನನ್ನ ತವರಿನ ವಿಷಯ ಕೇಳಿದರೆ ಯಾರೂ ಇಲ್ಲ ಅಂತ ಹೇಳು. ಅದಕ್ಕಿಂತ ಹೆಚ್ಚು ಹೇಳಬೇಡ. ಯಾವ ವರ್ಷ ಅಂತ ನನಗೂ ನೆನಪಿಲ್ಲ.

ಅಮ್ಮ

---

ಮೂಡುಬಿದಿರೆ
7-2-2025

ಅಮ್ಮ,

ಹುಡುಗ ಯಾರೂ ಇಲ್ಲ. ಇದರ ಜೊತೆ ಒಂದು ಕಾಗದ ಮಡಚಿ ಇಟ್ಟಿದ್ದೇನೆ. ಅದನ್ನು ಬಿಡಿಸುವ ಮೊದಲು ಕೂತುಕೋ. ಅಪ್ಪ ಮನೆಯಲ್ಲಿ ಇರುವಾಗ ಬಿಡಿಸು.

ಹೇಗೆ ಸಿಕ್ಕಿತು ಅಂತ ಹೇಳ್ತೇನೆ. ಹೋದ ಮಂಗಳವಾರದ ಹಿಂದಿನ ಮಂಗಳವಾರ ಧರ್ಣಪ್ಪಣ್ಣ ನಮಗೆ ಒಂದು ಕಬ್ಬಿಣದ ರ್‍ಯಾಕ್ ಖಾಲಿ ಮಾಡಲಿಕ್ಕೆ ಹೇಳಿದರು. ಅದರ ಅಡಿಯಲ್ಲಿ ಹಳೇ ಕೆಲಸದ ಮೊಳೆಗಳು ಜೋಡಿಸಿದ ಹಾಗೇ ಇದ್ದವು, ಸುತ್ತ ನೂಲು ಬಿಗಿದು. ಒಂದೊಂದನ್ನೂ ಬಿಚ್ಚಿ ಅಕ್ಷರಗಳನ್ನು ಅದರದರ ಗೂಡಿಗೆ ಹಾಕುವುದು ಕೆಲಸ. ಬಿಚ್ಚುವ ಮೊದಲು ಶಾಯಿ ಹಚ್ಚಿ ಒಂದು ಪ್ರೂಫ್ ತೆಗೆದಿಡಬೇಕು ಅಂತ ಮೇಡಂ ನಿಯಮ ಮಾಡಿದ್ದಾರೆ. ನನ್ನ ಕ್ಲಾಸಿನ ಭವ್ಯಶ್ರೀಗೆ ಒಂದು ಅಂಗಡಿಯ ಉದ್ಘಾಟನೆಯದ್ದು ಸಿಕ್ಕಿತು. ನನಗೆ ಇದು.

ಮೊಳೆಯಲ್ಲಿ ಇರುವಾಗಲೇ ನಾನು ಹೆಸರು ಓದಿದ್ದೆ. ನಿನ್ನ ಹೆಸರು ಅಂತ ಖುಷಿಯಾಗಿ ಭವ್ಯಶ್ರೀಯನ್ನು ಕರೆದು ತೋರಿಸಿದೆ. "ನೋಡು ಮಾರಾಯ್ತಿ, ನನ್ನ ಅಮ್ಮನ ಹೆಸರು" ಅಂದೆ. ಮತ್ತೆ ರೋಲರ್ ಎಳೆದು, ಕಾಗದ ಹಾಕಿ ಒತ್ತಿ ತೆಗೆದೆ. ಅವಳು ನನಗಿಂತ ಮೊದಲು ಓದಿ ಮುಗಿಸಿದಳು. ನನ್ನ ಕೈಯಿಂದ ಆ ಕಾಗದ ಹಿಂದೆ ತೆಗೆದುಕೊಳ್ಳಲಿಕ್ಕೆ ನೋಡಿದಳು.

ಅದರಲ್ಲಿ ಇರುವುದನ್ನು ಇಲ್ಲಿಯೂ ಬರೆದಿಡ್ತೇನೆ. ಶಾಯಿ ಕೆಲವು ಕಡೆ ಹರಡಿದೆ.

"ಉತ್ತರಕ್ರಿಯೆಯ ಆಮಂತ್ರಣ. ಮಾನ್ಯರೇ, ನಮ್ಮ ಮಗಳು ಕು| ಕಾಂತಿ (22 ವರ್ಷ) ಅಲ್ಪಕಾಲದ ಅಸೌಖ್ಯದಿಂದ ತಾ. 9-6-2001ನೇ ಶನಿವಾರ ಮುಂಬಯಿಯಲ್ಲಿ ದೈವಾಧೀನಳಾದಳೆಂದು ತಿಳಿಸಲು ವಿಷಾದಿಸುತ್ತೇವೆ. ಮೃತಳ ಸದ್ಗತಿಗಾಗಿ ಉತ್ತರಕ್ರಿಯೆಯನ್ನು ತಾ. 21-6-2001ನೇ ಗುರುವಾರ ವಾಮದಪದವಿನ ನಮ್ಮ ಮನೆಯಲ್ಲಿ ನಡೆಸುವುದಾಗಿ ನಿಶ್ಚಯಿಸಿರುವುದರಿಂದ ತಾವು ಬಂದು ಸಹಕರಿಸಬೇಕಾಗಿ ವಿನಂತಿ. ಇತಿ ದುಃಖತಪ್ತ, ಹುಕ್ರಪ್ಪ, ಸೇಸಮ್ಮ, ಶೇಖರ."

ಅಮ್ಮ, ಆ ಕೊಠಡಿಯಲ್ಲಿ ಹದಿನಾಲ್ಕು ಜನ ಇದ್ದೆವು. ನಾನು ನಕ್ಕೆ ಅಂತ ಭವ್ಯಶ್ರೀ ಹೇಳ್ತಾಳೆ. ನನಗೆ ನೆನಪಿಲ್ಲ. ಹೊರಗೆ ಹೋಗಿ ನಿನಗೆ ಫೋನ್ ಮಾಡಿದೆ. ನೀನು ಎತ್ತಿ, "ಎಂಥ ಮಗಾ, ಕ್ಲಾಸಿಲ್ವಾ?" ಅಂದೆ. ನಿನ್ನ ದನಿ ಕೇಳಿ ನಾನು ಇಟ್ಟುಬಿಟ್ಟೆ. ಅದಕ್ಕೇ ಆ ದಿನ ಕಟ್ ಆದದ್ದು. ಸಿಗ್ನಲ್ ಅಲ್ಲ.

ನವ್ಯಾ

---

ಮೂಡುಬಿದಿರೆ
19-2-2025

ಅಮ್ಮ,

ಹನ್ನೆರಡು ದಿನ ಆಯಿತು. ನೀನು ಬರೆಯುವುದಿಲ್ಲ, ಫೋನೂ ತೆಗೆಯುವುದಿಲ್ಲ. ಅಪ್ಪನಿಗೆ ಮಾಡಿದರೆ "ಮೆಷಿನಿನ ಎದುರು ಕೂತಿದ್ದಾಳೆ, ಮತ್ತೆ ಮಾಡ್ತಾಳೆ" ಅಂತಾರೆ. ನಿನಗೆ ಕೋಪ ಬಂದಿದ್ದರೆ ಬರಲಿ. ಆದರೆ ಒಂದು ವಿಷಯ ನಿನಗೆ ತಿಳಿಯಬೇಕು.

ನಾನು ಆ ಪ್ರೂಫನ್ನು ಧರ್ಣಪ್ಪಣ್ಣನಿಗೆ ತೋರಿಸಿದೆ. ನೀನು ಹೇಳಬೇಡ ಅಂದಿದ್ದೆ. ತಪ್ಪಾಯಿತು, ಆದರೆ ತೋರಿಸಿದೆ. ಮೊದಲು ಅವರಿಗೆ ಏನೂ ಗೊತ್ತಾಗಲಿಲ್ಲ. "ಇಂಥದ್ದು ಸಾವಿರ ಮಾಡಿದ್ದೇನೆ ಮಗಾ" ಅಂದರು. ಮತ್ತೆ ನಿನ್ನ ಹೆಸರಿನ ಮೇಲೆ ಬೆರಳಿಟ್ಟು ನಿಂತರು. ಬೇರೆ ಎಲ್ಲ ಅಕ್ಷರ ಒಂದು ಅಳತೆ, "ಕಾಂತಿ" ಮಾತ್ರ ದೊಡ್ಡ ಮೊಳೆಯಲ್ಲಿ ಉಂಟು, ನೋಡಿದ್ದೀಯಾ? ಅದರಿಂದ ಅವರಿಗೆ ನೆನಪಾಯಿತು.

ಅವರು ಹೇಳಿದ್ದನ್ನು ಹಾಗೆಯೇ ಬರೀತೇನೆ. "ಒಬ್ಬ ಜವ್ವನಿಗ ಬಂದಿದ್ದ, ಜೊತೆಗೆ ಅವನ ತಾಯಿ. ಆ ಹೆಂಗಸಿಗೆ ಓದಲಿಕ್ಕೆ ಬರುವುದಿಲ್ಲ. ಪ್ರೂಫ್ ತೆಗೆದು ಕೊಟ್ಟಾಗ ಮಗಳ ಹೆಸರು ಎಲ್ಲಿ ಉಂಟು ಅಂತ ಕೇಳಿದರು. ತೋರಿಸಿದೆ. ಇಷ್ಟು ಸಣ್ಣದಾ ಅಂದರು. ಮಗ ಸಾಕು ಬಾ ಅಂದ. ಅವರು ಬೆಂಚಿನಿಂದ ಏಳಲಿಲ್ಲ. ನಾನು ಬಿಚ್ಚಿ, ಇದ್ದದ್ದರಲ್ಲಿ ದೊಡ್ಡ ಮೊಳೆ ಹಾಕಿ ಪುನಃ ಜೋಡಿಸಿ ಕೊಟ್ಟೆ. ಅವರು ಆ ಕಾಗದವನ್ನು ಮಡಚಲಿಲ್ಲ, ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತರು. ಹೋಗುವಾಗ ನನ್ನ ಹತ್ತಿರ, ಮುಂಬಯಿಯಲ್ಲಿ ಸುಟ್ಟರೆ ಬೂದಿ ಕಳಿಸುವುದಿಲ್ವಾ ಅಂತ ಕೇಳಿದರು."

ಇನ್ನೂರು ಕಾರ್ಡು ಅಚ್ಚಾಗಿದೆ. ಹೆಚ್ಚು ಬೇಕಾಗಬಹುದು, ಬಿಚ್ಚಬೇಡಿ ಅಂತ ಆ ಜವ್ವನಿಗ ಹೇಳಿ ಹೋದನಂತೆ. ಮತ್ತೆ ಯಾರೂ ಬರಲಿಲ್ಲ, ಮೊಳೆ ಹಾಗೆಯೇ ರ್‍ಯಾಕಿನ ಅಡಿಗೆ ಹೋಯಿತು.

ಅಮ್ಮ, ಮನೆಬಿಟ್ಟು ಹೋದ ಮಗಳ ಮೇಲೆ ಸಿಟ್ಟಿನಿಂದ ಬೊಜ್ಜ, ಅದೇ ಈ ಉತ್ತರಕ್ರಿಯೆ, ಮಾಡಿ ಮುಗಿಸಿದರು ಅಂತ ನಾನು ತಿಳಿದಿದ್ದೆ. ಸಿಟ್ಟಿನವರು ಬೂದಿ ಕೇಳ್ತಾರಾ? ಅವರು ನೀನು ಸತ್ತಿದ್ದೀ ಅಂತ ನಿಜಕ್ಕೂ ನಂಬಿದ್ದರು.

ನವ್ಯಾ

---

ಕಕ್ಕಿಂಜೆ
24-2-2025

ನವ್ಯಾ,

ನಾಲ್ಕು ಸಲ ಬರೆಯಲಿಕ್ಕೆ ಕೂತು ಹರಿದುಹಾಕಿದೆ. ಇದನ್ನು ಹರಿಯುವುದಿಲ್ಲ.

ಆ ಕಾಗದ ಬಿಡಿಸಿದಾಗ ನನಗೆ ಮೊದಲು ಕಂಡದ್ದು "ಕು|" ಅನ್ನುವುದು. ಕುಮಾರಿ. ನಮ್ಮ ಮದುವೆ ರಿಜಿಸ್ಟ್ರಾರ್ ಆಫೀಸಿನಲ್ಲಿ ಆಗಿ ಎರಡು ತಿಂಗಳಾಗಿತ್ತು ಆಗ. ನಾನು ಸತ್ತದ್ದು ಕಾಣುವ ಮೊದಲು, ಇವರು ನನ್ನ ಮದುವೆಯನ್ನು ಹಾಕಲಿಲ್ಲವಲ್ಲ ಅಂತ ಸಿಟ್ಟು ಬಂತು. ಮನಸ್ಸು ಹೇಗೆ ನೋಡು. ಕೆಳಗಿನ ಸಾಲು ಓದಿದ ಮೇಲೆ ಎದ್ದು ಅಡಿಗೆ ಕೋಣೆಗೆ ಹೋಗಿ ಒಲೆ ಹೊತ್ತಿಸಿದೆ, ಏನೂ ಇಡಲಿಲ್ಲ. ನಿನ್ನ ಅಪ್ಪನಿಗೆ ತೋರಿಸಿದೆ. ಅವರು ಓದಿ, ಹಿಂದೆ ಕೊಟ್ಟು, ಅಂಗಳಕ್ಕೆ ಹೋಗಿ ನಮ್ಮ ಪಂಪನ್ನು ಬಿಚ್ಚಿ ಕೂತರು. ಸರಿಯಿದ್ದ ಪಂಪು.

ನನಗೆ ಗೊತ್ತಿರಲಿಲ್ಲ. ನಂಬು. ಜಾತಿ ಬೇರೆ ಅಂತ ಅಪ್ಪ ಒಪ್ಪುವುದಿಲ್ಲ, ಹುಡುಕಿಸ್ತಾರೆ ಅಂತ ಹೆದರಿ ನಾವು ಮುಂಬಯಿಗೆ ಹೋದದ್ದು. ಅಲ್ಲಿಂದ ಅಮ್ಮನಿಗೆ ಮೂರು ಕಾಗದ ಹಾಕಿದೆ. ಅಮ್ಮನಿಗೆ ಓದಲಿಕ್ಕೆ ಬರುವುದಿಲ್ಲ, ಶೇಖರಣ್ಣ ಓದಿ ಹೇಳ್ತಾನೆ ಅಂತ ಗೊತ್ತಿದ್ದೇ ಹಾಕಿದ್ದು. ಒಂದಕ್ಕೂ ಉತ್ತರ ಇಲ್ಲ. ನೀನು ಹುಟ್ಟಿದಾಗ ನಾಲ್ಕನೆಯದು ಬರೆದೆ, ಹಾಕಲಿಲ್ಲ. ಅಮ್ಮನೇ ನನ್ನನ್ನು ಬೇಡ ಅಂದರು ಅಂತ ಗಟ್ಟಿ ಮಾಡಿಕೊಂಡೆ. ಮತ್ತೆ ಮುಂಬಯಿ ಬಿಟ್ಟು ಈ ಊರಿಗೆ ಬಂದು ಹದಿಮೂರು ವರ್ಷ ಆದರೂ ಆ ಕಡೆಯ ಬಸ್ಸು ಹತ್ತಲಿಲ್ಲ. ಬಂಟ್ವಾಳದ ಕಡೆ ಮದುವೆ ಇದ್ದರೆ ನಿನ್ನ ಅಪ್ಪ ಒಬ್ಬರೇ ಹೋಗುವುದು ಅದಕ್ಕೆ.

ನೀನು ಸಣ್ಣವಳಿರುವಾಗ ಅಜ್ಜಿ ಎಲ್ಲಿ ಅಂತ ಕೇಳಿದೆ. ತೀರಿಹೋದರು ಅಂತ ಹೇಳಿದೆ. ಒಂದು ಸಲ ಹೇಳಿದ ಮೇಲೆ ಸುಲಭ ಆಯಿತು. ಅಮ್ಮ ನಿಜಕ್ಕೂ ಇದ್ದಾರಾ ಇಲ್ವಾ ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಅವರು ನನ್ನನ್ನು ಕಾರ್ಡು ಹೊಡೆಸಿ ಸಾಯಿಸಿದರು ಅಂತ ಸಿಟ್ಟು ಮಾಡಲಿಕ್ಕೆ ಹೋದೆ. ಆದರೆ ನಾನು ಮಾಡಿದ್ದೂ ಅದನ್ನೇ ಅಲ್ವಾ? ಕಾರ್ಡು ಇರಲಿಲ್ಲ, ಅಷ್ಟೆ.

ಆ ಮೊಳೆಯನ್ನು ಬಿಚ್ಚಿಬಿಡು ಮಗಾ. ಇನ್ನು ಯಾರಿಗೂ ತೋರಿಸಬೇಡ. ಇಲ್ಲಿಗೆ ಸಾಕು.

ಅಮ್ಮ

---

ಮೂಡುಬಿದಿರೆ
1-3-2025

ಅಮ್ಮ,

ಸಾಕಾಗಲಿಲ್ಲ.

ಧರ್ಣಪ್ಪಣ್ಣನ ತಂಗಿಯ ಮನೆ ಪುಂಜಾಲಕಟ್ಟೆಯಲ್ಲಿ ಉಂಟು. ನಾನು ಕೇಳಿಕೊಂಡದ್ದಕ್ಕೆ ಅವರು ವಿಚಾರಿಸಿದರು. ಹುಕ್ರಪ್ಪ ಅನ್ನುವವರು ತೀರಿ ಒಂಬತ್ತು ವರ್ಷ ಆಯಿತಂತೆ. ಸೇಸಮ್ಮ ಇದ್ದಾರೆ. ಎಪ್ಪತ್ತೆಂಟು ವರ್ಷ. ಮಗ ಶೇಖರನ ಜೊತೆ ಅದೇ ಮನೆಯಲ್ಲಿ ಇದ್ದಾರೆ. ಕಿವಿ ಸ್ವಲ್ಪ ಮಂದ, ಕಣ್ಣು ಚೆನ್ನಾಗಿ ಉಂಟು. ದಿನಾ ಹಾಲು ಡೈರಿಗೆ ಕೊಂಡುಹೋಗಿ ಕೊಡುವುದು ಅವರೇ ಅಂತೆ.

ಈ ಸಾಲನ್ನು ಓದಿ ನಿನಗೆ ಹೇಗೆ ಆಗ್ತದೆ ಅಂತ ನನಗೆ ಗೊತ್ತಿಲ್ಲ. ನನಗೆ ಹೇಗೆ ಆಯಿತು ಅಂತ ಹೇಳ್ತೇನೆ. ನನಗೆ ಅಜ್ಜಿ ಇದ್ದಾರೆ. ಶಾಲೆಯಲ್ಲಿ ಅಜ್ಜಿಯ ಬಗ್ಗೆ ಪ್ರಬಂಧ ಬರೆಯಲಿಕ್ಕೆ ಕೊಟ್ಟಾಗ ನಾನು ಪಕ್ಕದ ಮನೆಯ ರುಖಿಯಮ್ಮನನ್ನು ನೋಡಿ ಬರೆದಿದ್ದೆ. ಆಗ ನನ್ನ ಅಜ್ಜಿ ಮೂರು ಬಸ್ಸಿನ ದೂರದಲ್ಲಿ ಹಾಲಿನ ಕ್ಯಾನ್ ಹಿಡಿದುಕೊಂಡು ನಡೀತಾ ಇದ್ದರು. ನಿನ್ನ ಮೇಲೆ ನನಗೆ ಸಿಟ್ಟು ಉಂಟು. ಅವರ ಮೇಲೆ ಇಲ್ಲ, ನಿನ್ನ ಮೇಲೆಯೇ.

ಮೊಳೆ ಬಿಚ್ಚಲಿಲ್ಲ. ನೀನು ಹೋಗಿ ಬಂದ ಮೇಲೆ ಬಿಚ್ಚುತ್ತೇನೆ. ನೀನು ಹೋಗದಿದ್ದರೆ ಮುಂದಿನ ಆದಿತ್ಯವಾರ ನಾನು ಹೋಗ್ತೇನೆ. ನಿನ್ನ ಮಗಳು ಅಂತ ಹೇಳ್ತೇನೆ.

ನವ್ಯಾ

---

ವಾಮದಪದವು
12-3-2025

ನವ್ಯಾ,

ಮೇಲೆ ಬರೆದ ಊರಿನ ಹೆಸರು ನೋಡು. ನಾನು ಇಲ್ಲಿದ್ದೇನೆ. ಫೋನಿನಲ್ಲಿ ಮೂರು ಮಾತು ಹೇಳಿ ಇಟ್ಟೆ, ಅಷ್ಟೇ ಆಯಿತು ನನ್ನಿಂದ. ಈಗ ಎಲ್ಲ ಬರೆಯುತ್ತೇನೆ.

ಶನಿವಾರ ಬೆಳಗ್ಗೆ ಹೊರಟೆ. ನಿನ್ನ ಅಪ್ಪ ಬರ್ತೇನೆ ಅಂದರು, ನಾನೇ ಬೇಡ ಅಂದೆ. ಬೆಳ್ತಂಗಡಿಯಲ್ಲಿ ಒಮ್ಮೆ, ಪುಂಜಾಲಕಟ್ಟೆಯಲ್ಲಿ ಒಮ್ಮೆ ಬಸ್ಸು ಬದಲಿಸಿ ಇಳಿದಾಗ ಹನ್ನೊಂದು ಗಂಟೆ. ಪೇಟೆ ಪೂರಾ ಬದಲಾಗಿದೆ. ಮೊಯಿದಿನಬ್ಬ ಬ್ಯಾರಿಯವರ ಅಂಗಡಿ ಮಾತ್ರ ಅಲ್ಲೇ ಉಂಟು. ಖಾಲಿ ಕೈಯಲ್ಲಿ ಹೋಗುವುದು ಹೇಗೆ ಅಂತ ಬಾಳೆಹಣ್ಣು ತೆಗೆದುಕೊಳ್ಳಲಿಕ್ಕೆ ಹೋದೆ. ಅವರು ತೂಕ ಮಾಡುತ್ತಾ ತಲೆ ಎತ್ತಿದರು. ಹಣ್ಣಿನ ಗೊನೆ ಕೈಯಿಂದ ಕೆಳಗೆ ಬಿತ್ತು.

"ನೀನು ಹುಕ್ರಪ್ಪಣ್ಣನ ಕಾಂತಿಯಾ?"

ಹೌದು ಅಂದೆ.

"ನಾನು ನಿನ್ನ ಬೊಜ್ಜದ ಊಟಕ್ಕೆ ಬಾಳೆಲೆ ಕೊಟ್ಟವ" ಅಂದರು. ಹೇಳಿದ ಮೇಲೆ ಏನು ಹೇಳಿದೆ ಅಂತ ಅವರಿಗೇ ಗೊತ್ತಾಗಿ ಸ್ಟೂಲಿನಲ್ಲಿ ಕೂತುಬಿಟ್ಟರು. ಒಳಗಿಂದ ಅವರ ಹೆಂಡತಿ ಬೀಬಿ ಓಡಿ ಬಂದರು. "ಹತ್ತು ವರ್ಷದ ಹಿಂದೆ ಬೆಳ್ತಂಗಡಿ ಸಂತೆಯಲ್ಲಿ ಇವಳನ್ನು ಕಂಡೆ ಅಂದಾಗ ನೀನು ನನಗೆ ಕಣ್ಣು ಪರೀಕ್ಷೆ ಮಾಡಿಸು ಅಂದೆಯಲ್ಲ, ನೋಡು ಈಗ" ಅಂತ ಅವರನ್ನು ಗದರಿಸಿದರು. ಬೀಬಿ ನನ್ನ ಕೈ ಹಿಡಿದು, ಮುಟ್ಟಿ ನೋಡಿದರು. ಮತ್ತೆ ಬಿಡಲೇ ಇಲ್ಲ. ಮನೆಯ ದಾರಿಯಲ್ಲಿ ಅರ್ಧದ ತನಕ ಜೊತೆಗೆ ಬಂದರು.

ಮನೆ ಈಗ ತಾರಸಿಯದ್ದು. ಶೇಖರಣ್ಣ ಅಂಗಳದಲ್ಲಿ ರಬ್ಬರ್ ಶೀಟ್ ಒಣಗಿಸ್ತಾ ಇದ್ದ. ತಲೆ ಪೂರಾ ಬಿಳಿ. ನನ್ನನ್ನು ನೋಡಿ ಯಾರು ಅಂತ ಕೇಳಲಿಲ್ಲ. ಅವನಿಗೆ ಆಶ್ಚರ್ಯ ಆಗಲಿಲ್ಲ, ಅದೇ ನನಗೆ ಆಶ್ಚರ್ಯ. ಹತ್ತಿರ ಬಂದು ಮೆಲ್ಲ ಹೇಳಿದ, "ಅಮ್ಮ ದನದ ಹಟ್ಟಿಯಲ್ಲಿದ್ದಾರೆ. ನೀನು ಈಗ ಹೋಗು. ನಾನೇ ಅವರಿಗೆ ನಿಧಾನದಲ್ಲಿ ಹೇಳ್ತೇನೆ."

"ಇಪ್ಪತ್ತನಾಲ್ಕು ವರ್ಷದಿಂದ ನಿಧಾನದಲ್ಲೇ ಹೇಳ್ತಾ ಇದ್ದೀಯಾ?" ಅಂದೆ.

ಆಗ ಅವನು ಹೇಳಿದ್ದು ಇದು. ನನ್ನ ಮೊದಲನೆಯ ಕಾಗದ ಬಂದಾಗ ಅವನು ಅಮ್ಮನಿಗೆ ಓದಿ ಹೇಳಿದ್ದನಂತೆ. ಅಮ್ಮ ಆವತ್ತೇ ಬಟ್ಟೆ ಗಂಟು ಕಟ್ಟಿ ಮುಂಬಯಿಗೆ ಹೋಗ್ತೇನೆ, ಮಗಳನ್ನು ಕರಕೊಂಡು ಬರ್ತೇನೆ ಅಂತ ಹಟ ಹಿಡಿದರು. ಎಂಟು ದಿನ ಊಟ ಬಿಟ್ಟರು. ಒಂಬತ್ತನೇ ದಿನ ಅಪ್ಪ ಪೇಟೆಗೆ ಹೋಗಿ ಬಂದು, ಫೋನ್ ಬಂತು, ಜ್ವರದಲ್ಲಿ ಹೋದಳಂತೆ, ಅಲ್ಲೇ ಸುಟ್ಟರಂತೆ ಅಂದರು. ಶೇಖರಣ್ಣನೂ ಮೊದಲು ನಂಬಿದ. ಅಮ್ಮ ಬೊಜ್ಜ ಆಗಲೇಬೇಕು, ಕಾರ್ಡು ಹೊಡೆಸಲೇಬೇಕು ಅಂದರು. ಕಾರ್ಡು ಹೊಡೆಸಿದ್ದು ಅಪ್ಪನ ಹಟದಿಂದ ಅಲ್ಲ ನವ್ಯಾ, ಅಮ್ಮನ ಹಟದಿಂದ. ಮಗಳಿಗೆ ಯಾವುದರಲ್ಲೂ ಕಡಿಮೆ ಆಗಬಾರದು ಅಂತ.

"ನಿನ್ನ ಎರಡನೇ ಕಾಗದ ಬಂದದ್ದು ಬೊಜ್ಜ ಆಗಿ ವಾರಕ್ಕೆ" ಅಂದ ಅವನು. "ಅದನ್ನು ಹಿಡಿದುಕೊಂಡು ಹೋಗಿ ಅಪ್ಪನ ಹತ್ತಿರ ಕೇಳಿದೆ. ಇನ್ನೂರು ಜನ ಉಂಡು ಹೋಗಿಯಾಯಿತು, ಇನ್ನು ಬಾಯಿ ಬಿಟ್ಟರೆ ನಾನು ಬಾವಿಗೆ ಹಾರ್ತೇನೆ ಅಂದರು. ಅಪ್ಪ ಹೋದ ಮೇಲೆ ಹೇಳುವ ಅಂತ ಇದ್ದೆ. ಅಪ್ಪ ಹೋದ ಮೇಲೆ ಯಾವ ಬಾಯಿಯಲ್ಲಿ ಹೇಳುವುದು ಅಂತ ಆಯಿತು."

ನಾನು ಅವನನ್ನು ದಾಟಿ ಹಟ್ಟಿಯ ಕಡೆ ಹೋದೆ.

ಅಮ್ಮ ದನಕ್ಕೆ ಹುಲ್ಲು ಹಾಕ್ತಾ ಇದ್ದರು. ಬೆನ್ನು ಬಾಗಿದೆ. ನಾನು "ಅಮ್ಮಾ" ಅಂದೆ. ಕಿವಿ ಮಂದ ಅಲ್ವಾ, ಕೇಳಲಿಲ್ಲ. ಎದುರು ಹೋಗಿ ನಿಂತೆ. ಅವರು ನೋಡಿದರು. ಹೆದರಲಿಲ್ಲ, ಕೂಗಲಿಲ್ಲ. ಬಹಳ ಹೊತ್ತು ನನ್ನ ಕಾಲನ್ನೇ ನೋಡಿದರು. ಮತ್ತೆ ನನ್ನ ಚಪ್ಪಲಿ, ಸೀರೆ, ಕೈಯಲ್ಲಿದ್ದ ಬಾಳೆಹಣ್ಣು. ಕೊನೆಗೆ ಮುಖ.

"ಸತ್ತವರಿಗೆ ತಲೆ ಬೆಳ್ಳಗಾಗ್ತದಾ?" ಅಂತ ಕೇಳಿದರು.

"ಇಲ್ಲಮ್ಮ. ನಾನು ಸಾಯಲಿಲ್ಲ."

ಅವರು ಹುಲ್ಲಿನ ಕಂತೆಯ ಮೇಲೆ ಕೂತರು. ನಾನು ಎದುರಿಗೆ ನೆಲದಲ್ಲೇ ಕೂತೆ. ಅವರು ನನ್ನ ಕೈ ತೆಗೆದುಕೊಂಡು ಬೆರಳು ಒಂದೊಂದೇ ಒತ್ತಿ ನೋಡಿದರು. ಸೂಜಿ ಚುಚ್ಚಿ ಗಟ್ಟಿಯಾದ ಜಾಗದಲ್ಲಿ ಪುನಃ ಪುನಃ ಒತ್ತಿದರು. ನಾನು ಎಲ್ಲ ಹೇಳಿದೆ. ಎಷ್ಟು ಕೇಳಿತೋ ಗೊತ್ತಿಲ್ಲ. ನಾನು ಮುಗಿಸಿದ ಮೇಲೆ ಅವರು ಕೇಳಿದ್ದು ಒಂದೇ ಮಾತು.

"ಪ್ರತಿ ವರ್ಷ ಆಟಿ ತಿಂಗಳಲ್ಲಿ ತೀರಿಹೋದವರಿಗೆ ಬಡಿಸುವಾಗ ನಿನಗೂ ಒಂದು ಎಲೆ ಹಾಕಿದ್ದೇನೆ. ನಿನಗೆ ಇಷ್ಟ ಅಂತ ಪತ್ರೊಡೆ ಮಾಡಿ ಇಟ್ಟಿದ್ದೇನೆ. ನಾನು ಇಷ್ಟು ವರ್ಷ ಬಡಿಸಿದ್ದು ಯಾರಿಗೆ ಹೋಯಿತು ಹಾಗಾದರೆ?"

ಅವರಿಗೆ ಅಳು ಬರಲಿಲ್ಲ. ಸಿಟ್ಟು ಬಂತು. ಎದ್ದು ಅಂಗಳಕ್ಕೆ ಹೋಗಿ ಶೇಖರಣ್ಣನ ಎದುರು ನಿಂತರು. ಅವನು ತಲೆ ತಗ್ಗಿಸಿದ. ಹೊಡೀತಾರೆ ಅಂತ ನಾನು ಅಂದುಕೊಂಡೆ. ಹೊಡೆಯಲಿಲ್ಲ. "ಇವತ್ತಿನಿಂದ ನೀನು ಹಾಕಿದ ಊಟ ನನಗೆ ಬೇಡ" ಅಂದರು. ಐದು ದಿನ ಆಯಿತು. ನಾನು ಬೇಯಿಸಿದರೆ ಮಾತ್ರ ಉಣ್ಣುತ್ತಾರೆ. ಅತ್ತಿಗೆ ಪಾಪ, ಅವರಿಗೆ ಏನೂ ಗೊತ್ತಿರಲಿಲ್ಲ, ಅಡಿಗೆ ಕೋಣೆಯ ಬಾಗಿಲಲ್ಲಿ ನಿಂತು ಅಳ್ತಾರೆ.

ಅದಕ್ಕೆ ನಾನು ಇಲ್ಲಿ ಉಳಿದದ್ದು. ಎಷ್ಟು ದಿನ ಅಂತ ಗೊತ್ತಿಲ್ಲ. ಬ್ಲೌಸಿನವರಿಗೆ ನಿನ್ನ ಅಪ್ಪ ಹೇಳಿದ್ದಾರೆ.

ಅಮ್ಮ

---

ಮೂಡುಬಿದಿರೆ
15-3-2025

ಅಮ್ಮ,

ಲಕೋಟೆಯ ಮೇಲೆ ವಾಮದಪದವು ಅಂತ ಬರೆಯುವಾಗ ನನ್ನ ಕೈ ನಿಂತಿತು. ಈ ಊರಿನ ಹೆಸರನ್ನು ನಾನು ಬರೆದದ್ದು ನಿನ್ನ ಹತ್ತಿರ ಕೇಳುವಾಗ ಒಮ್ಮೆ, ಪ್ರೂಫ್ ನಕಲು ಮಾಡುವಾಗ ಒಮ್ಮೆ, ಈಗ ಒಮ್ಮೆ.

ನಿನ್ನ ಕಾಗದವನ್ನು ಸ್ಟುಡಿಯೊದಲ್ಲಿ ಓದಲಿಕ್ಕೆ ಆಗಲಿಲ್ಲ, ಬಸ್ ಸ್ಟ್ಯಾಂಡಿನ ಬೆಂಚಿನಲ್ಲಿ ಕೂತು ಓದಿದೆ. ನಾನು ಸಿಟ್ಟಿನಲ್ಲಿ ಬರೆದದ್ದಕ್ಕೆ ಕ್ಷಮಿಸು. ಪೂರಾ ಹೋಗಿದೆ ಅಂತ ಹೇಳುವುದಿಲ್ಲ.

ಧರ್ಣಪ್ಪಣ್ಣನಿಗೆ ಹೇಳಿದೆ. ಅವರು ಕೇಸಿನ ಎದುರು ನಿಂತಿದ್ದವರು ಹಾಗೆಯೇ ಗೋಡೆಗೆ ಕೈ ಕೊಟ್ಟರು. "ಬದುಕಿರುವವಳ ಹೆಸರಿಗೆ ನಾನು ಮೊಳೆ ಜೋಡಿಸಿದೆನಾ" ಅಂತ ಎರಡು ಸಲ ಕೇಳಿದರು. ಅವರ ತಪ್ಪಲ್ಲ ಅಂದೆ. ಅವರು ಆವತ್ತು ಬೇರೆ ಕೆಲಸ ಮಾಡಲಿಲ್ಲ, ನನ್ನ ಹತ್ತಿರ ಕೂತು ಆ ನೂಲು ಬಿಚ್ಚಿಸಿದರು. ಅಕ್ಷರಗಳನ್ನು ಇಬ್ಬರೂ ಸೇರಿ ಗೂಡುಗಳಿಗೆ ಹಾಕಿದೆವು. "ಕಾ" ಇದ್ದದ್ದು ಬೇರೆ "ಕಾ"ಗಳ ಜೊತೆ ಸೇರಿತು. ಈಗ ಹುಡುಕಿದರೂ ಸಿಗುವುದಿಲ್ಲ.

ವಿಸ್ಮಿತಾ ಮೇಡಂ ಹತ್ತಿರ ನನ್ನ ಪತ್ರದ ಪುಸ್ತಕ ಪ್ರದರ್ಶನಕ್ಕೆ ಇಡುವುದಿಲ್ಲ ಅಂತ ಹೇಳಿದೆ. ಮಾರ್ಕು ಕಡಿಮೆ ಆಗಬಹುದು ಅಂದರು. ಆಗಲಿ. ಹೊಲಿದು ಮನೆಗೆ ತರ್ತೇನೆ.

ಮುಂದಿನ ಆದಿತ್ಯವಾರ ನಾನು ಮತ್ತು ಅಪ್ಪ ಬರ್ತೇವೆ. ಅಪ್ಪ ನಿನ್ನೆ ಫೋನಿನಲ್ಲಿ, "ನಾನು ಗೇಟಿನ ಹತ್ತಿರ ನಿಲ್ತೇನೆ, ಅವರು ಕರೆದರೆ ಮಾತ್ರ ಒಳಗೆ" ಅಂದರು. ಅಜ್ಜಿಗೆ ಅಪ್ಪನ ವಿಷಯ ಹೇಳಿದ್ದೀಯಾ? ನನ್ನ ವಿಷಯ?

ಮಾವನ ಹತ್ತಿರ ನೀನು ಮಾತಾಡ್ತೀಯಾ?

ನವ್ಯಾ

---

ವಾಮದಪದವು
19-3-2025

ನವ್ಯಾ,

ಶೇಖರಣ್ಣನ ಹತ್ತಿರ ಮಾತಾಡುವುದಿಲ್ಲ. ಅವನು ಎದುರು ಬಂದರೆ ನನಗೆ ಆ ಮೂರು ಕಾಗದ ಕಾಣುತ್ತದೆ. ಅಮ್ಮ ನಿನ್ನೆ ಅವನು ಹಾಕಿದ ಚಾ ಕುಡಿದರು. ಊಟ ಇನ್ನೂ ಇಲ್ಲ. ನನಗೆ ಅಷ್ಟೂ ಆಗುವುದಿಲ್ಲ, ಮುಂದೆ ಆಗ್ತದಾ ಗೊತ್ತಿಲ್ಲ.

ನಿನ್ನ ಅಪ್ಪನ ವಿಷಯ ಹೇಳಿದೆ. ಗೇಟಿನ ಮಾತು ಅವರು ನನಗೂ ಫೋನಿನಲ್ಲಿ ಹೇಳಿದ್ದರು, ಅದನ್ನೂ ಹೇಳಿದೆ. ಅಮ್ಮ, "ಅಶೋಕ್ ಅಂದರೆ ಆಗ ನಮ್ಮ ಮನೆಗೆ ವಯರಿಂಗ್ ಮಾಡಲಿಕ್ಕೆ ಬಂದಿದ್ದವನಾ?" ಅಂತ ಕೇಳಿದರು. ದನಕ್ಕೆ ಹುಲ್ಲು ಹಾಕಿ ಬಂದು, "ಗೇಟಿನಲ್ಲಿ ನಿಲ್ಲುವುದು ಎಂಥಕ್ಕೆ, ಕರಕೊಂಡು ಬಾ" ಅಂದರು. ನೀನು ಇದ್ದೀ ಅಂತ ಹೇಳಿದಾಗ ಮೊದಲು ನಂಬಲಿಲ್ಲ. ಫೋನಿನಲ್ಲಿ ನಿನ್ನ ಫೋಟೊ ತೋರಿಸಿದೆ. ಈಗ ಗಂಟೆಗೊಮ್ಮೆ ನನ್ನ ಫೋನು ತೆಗೆದುಕೊಂಡು ಹೋಗ್ತಾರೆ.

ಇವತ್ತು ಹನ್ನೆರಡು ಗಂಟೆಗೆ ನಿನ್ನ ಕಾಗದ ಬಂತು. ನಾನು ಒಳಗೆ ಮೀನು ತೊಳೀತಾ ಇದ್ದೆ. ಈ ಊರಿಗೆ ಹೊಸದಾಗಿ ಬಂದ ಪೋಸ್ಟಿನ ಹುಡುಗಿ ಅಂಗಳದಲ್ಲಿ ನಿಂತು ಲಕೋಟೆ ತಿರುಗಿಸಿ ನೋಡಿ, "ಅಜ್ಜೀ, ಕಾಂತಿ ಅಂತ ಯಾರಾದರೂ ಉಂಟಾ ಈ ಮನೆಯಲ್ಲಿ?" ಅಂತ ದೊಡ್ಡಕ್ಕೆ ಕೇಳಿದಳು.

ಶೇಖರಣ್ಣ ಜಗಲಿಯಲ್ಲಿದ್ದ. ಅವನು ಏಳಲಿಲ್ಲ. ನಾನು ಕೈ ಒರಸಿಕೊಂಡು ಬಾಗಿಲಿಗೆ ಬರುವ ಮೊದಲೇ ಅಮ್ಮನ ದನಿ ಕೇಳಿತು.

"ಉಂಟು. ನನ್ನ ಮಗಳು. ಒಳಗೆ ಇದ್ದಾಳೆ. ಕೊಡಿ ಇಲ್ಲಿ."

ಅಮ್ಮ